ಚಾಳಿನ ನಳ ಯಾರದು?

ಖಡಕಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸ್ವಂತ ಫ್ಲ್ಯಾಟು ಮಾಡಿಕೊಂಡವರು ಕೆಲವರು, ಕ್ವಾರ್ಟರ್ಸಿನಲ್ಲಿ ಇರುವವರು ಇನ್ನು ಕೆಲವರು. ಉಳಿದವರ ಸಂಸಾರ ಬಾಜಾರದ ಒಳಗಲ್ಲಿಗಳಲ್ಲಿ, ಬೋಪೋಡಿ-ದಾಪೋಡಿಯ ಕಡೆ, ಚಾಳಿನ ಒಂದೆರಡು ಖೋಲಿಗಳಲ್ಲೇ ನಡೆದಿದೆ. ಫ್ಲ್ಯಾಟಿಗೆ ಹೋದವರೂ ಒಂದು ಕಾಲಕ್ಕೆ ಚಾಳಿನ ನಳದ ಮುಂದೆ ಕೊಡ ಹಚ್ಚಿ ಪಾಳಿ ಕಾದವರೇ. ಆದುದರಿಂದ ನಾವು ಇಲ್ಲಿ ಎತ್ತುವ ವಿಷಯ ಯಾರಿಗೂ ಅಪರಿಚಿತವಲ್ಲ. ಮೈಸೂರು ಕಡೆಯ ವಾಚಕರು ನಲ್ಲಿ ಎನ್ನುತ್ತಾರೆ. ವಿಜಾಪುರ, ಕಲಬುರ್ಗಿ, ಬೆಳಗಾವಿಯಿಂದ ಬಂದ ನಮಗೆ ಅದು ನಳ. ಹೆಸರು ಏನೇ ಇರಲಿ, ಪ್ರಶ್ನೆ ಒಂದೇ: ಹತ್ತು ಹದಿನೈದು ಮನೆಗಳಿಗೆ ಸೇರಿದ ಆ ಒಂದು ನಳ, ಆ ಮನೆಗಳಲ್ಲಿರುವ ಎಲ್ಲರದೂ ಹೌದೋ ಅಲ್ಲವೋ?

ಅಲ್ಲ ಎಂದೇ ನಾವು ಹೇಳುತ್ತೇವೆ. ಕೈಕಾಲು ಗಟ್ಟಿಯಿದ್ದವರದು ಮಾತ್ರ ಅದು. ಉಳಿದವರಿಗೆ ಅದು ಭಿಕ್ಷೆಯ ನೀರು.

ಆ ನಳವನ್ನೊಮ್ಮೆ ಅಂಗವಿಕಲರ ಜಾಗದಲ್ಲಿ ನಿಂತು ನೋಡಬೇಕು. ನೀರು ಹೊರಗೆ ಹರಿಯದಿರಲೆಂದು ಮೋರಿಯ ಸುತ್ತ ಗೇಣುದ್ದದ ಕಟ್ಟೆ. ಗಾಲಿಕುರ್ಚಿ ಅದನ್ನು ದಾಟದು. ಊರುಗೋಲು ದಾಟಿದರೂ ಒಳಗಿನ ಪಾಚಿಯ ಮೇಲೆ ನಿಲ್ಲದು. ನಳದ ಬಾಯಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ; ಒತ್ತಡ ಕಡಿಮೆ ಇರುವ ಕಡೆ ಗುಂಡಿ ತೋಡಿ ಅದರೊಳಗೇ ಇಳಿಸಿರುತ್ತಾರೆ. ಕುಕ್ಕರಗಾಲಿನಲ್ಲಿ ಕೂಡದೆ ಅದನ್ನು ಮುಟ್ಟುವಂತಿಲ್ಲ. ತುಂಬಿದ ಕೊಡವನ್ನು ಆ ಗುಂಡಿಯಿಂದ ಸೊಂಟಕ್ಕೆ ಏರಿಸಬೇಕು. ಹದಿನೈದು ಲೀಟರಿನ ಕೊಡವೆಂದರೆ ನೀರಿನ ತೂಕವೇ 15 ಕಿಲೋ, ಕೊಡದ ತೂಕ ಬೇರೆ. ನಳದ ತಲೆಗೆ ಇರುವುದು ಸಣ್ಣ ಗುಂಡು ಹಿಡಿ. ಒಳಗಿನ ವಾಶರ್ ಸವೆದಂತೆಲ್ಲ ಅದನ್ನು ಬಿಗಿದು ತಿರುವಬೇಕಾಗುತ್ತದೆ. ಗಟ್ಟಿ ಕೈಯವರು ಬಿಗಿದದ್ದನ್ನು ಸೋತ ಕೈಯವರು ಬಿಚ್ಚಲಾರರು. ನೀರು ಬರುವುದು ಗೊತ್ತಾದ ಹೊತ್ತಿಗೆ, ಅದೂ ಒಮ್ಮೊಮ್ಮೆ ಹೆಚ್ಚು ಕಡಿಮೆ. ಬಂತೆಂಬ ಸುದ್ದಿ ಕೂಗಿನ ಮೂಲಕವೇ ಖೋಲಿಗಳಿಗೆ ತಲಪಬೇಕು. ಕಿವಿ ಕೇಳದವರು ಏನು ಮಾಡಬೇಕು? ಕಣ್ಣು ಕಾಣದವರು ಮಾತ್ರ ಜಾಗ ಗುರುತಿಟ್ಟುಕೊಂಡು ಹೇಗೋ ಬರುತ್ತಾರೆ. ಆದರೆ ದಾರಿಯುದ್ದಕ್ಕೂ ಖಾಲಿ ಕೊಡ, ಬಾಲ್ದಿ, ಯಾರದೋ ಸೈಕಲ್ಲು.

ಇಷ್ಟೆಲ್ಲ ಅಡ್ಡಿಗಳನ್ನು ಯಾರೂ ಬೇಕೆಂದೇ ಕಟ್ಟಿದ್ದಲ್ಲ ಎಂದು ಹೇಳುವವರಿದ್ದಾರೆ. ಒಪ್ಪಿದೆವು. ಆದರೆ ಬೇಡವೆಂದು ತೆಗೆಯುವುದಕ್ಕೂ ಯಾರೂ ಮುಂದೆ ಬಂದಿಲ್ಲ. ನಮ್ಮ ಸಮಾಜ ಮಾಡಿದ ಒಂದು ಕೆಲಸವೆಂದರೆ ಹೆಸರು ಬದಲಿಸಿದ್ದು. ಮೊದಲು ಅಂಗವಿಕಲರು ಎಂದೆವು, ಆಮೇಲೆ ವಿಕಲಚೇತನರು ಎಂದೆವು, 2015ರ ಕೊನೆಯಿಂದ ದಿವ್ಯಾಂಗರು ಎನ್ನುತ್ತಿದ್ದೇವೆ. ಮೂರು ಹೆಸರು ಬದಲಾಗುವಷ್ಟರಲ್ಲಿ ನಳದ ಒಂದು ವಾಶರ್ ಕೂಡ ಬದಲಾಗಲಿಲ್ಲ.

ಇದು ಬೇರೆ ಊರಾಗಿದ್ದರೆ ನಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಇದು ಖಡಕಿ. ಮೊದಲನೆಯ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡ ಹಿಂದೀ ಸಿಪಾಯಿಗಳಿಗೆ ಕೈಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮುಂದೆ ಬಂದು ನೆಲೆಸಿದ್ದು ಇಲ್ಲೇ. 1965 ಮತ್ತು 1971ರ ಯುದ್ಧಗಳಲ್ಲಿ ಬೆನ್ನುಹುರಿಗೆ ಪೆಟ್ಟು ತಿಂದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯೋಧರಿಗಾಗಿ 1974ರಲ್ಲಿ ತೆರೆದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಇರುವುದೂ ಇಲ್ಲೇ. ಕೃತಕ ಕಾಲು ಜೋಡಿಸುವ ಸೈನ್ಯದ ಕೇಂದ್ರ 1944ರಿಂದ ಇದೇ ಪುಣೆಯಲ್ಲಿದೆ. ಗಾಲಿಕುರ್ಚಿ ಎಂದರೇನು, ಊರುಗೋಲಿಗೆ ಎಷ್ಟು ಜಾಗ ಬೇಕು, ಎಂಬುದು ನೂರು ವರ್ಷದಿಂದ ಗೊತ್ತಿರುವ ಊರು ದೇಶದಲ್ಲಿ ಇನ್ನೊಂದಿದ್ದರೆ ಹೇಳಿ. ಆ ತಿಳಿವಳಿಕೆಯೆಲ್ಲ ಕಂಪೌಂಡಿನ ಒಳಗೇ ಉಳಿಯಿತು. ಗೇಟು ದಾಟಿ ಬಾಜಾರಕ್ಕೆ ಬರಲಿಲ್ಲ.

1965ರ ಯುದ್ಧದಲ್ಲಿ ಗುಂಡೇಟು ತಿಂದ ಸಾಂಗಲಿ ಕಡೆಯ ಮುರಲಿಕಾಂತ ಪೇಟಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದರು. ಸರಕಾರಕ್ಕೆ ಅವರ ನೆನಪಾಗಿ ಪದ್ಮಶ್ರೀ ಬಂದದ್ದು 2018ರಲ್ಲಿ. 2024ರಲ್ಲಿ ಅವರ ಮೇಲೆ ಹಿಂದೀ ಚಿತ್ರ ಬಂದಾಗ ನಮ್ಮವರೆಲ್ಲ ಕುಟುಂಬ ಸಮೇತ ಹೋಗಿ ಕಣ್ಣೀರಿಟ್ಟು, ಚಪ್ಪಾಳೆ ತಟ್ಟಿ ಬಂದೆವು. ಸಂತೋಷ. ಈಜುಗೊಳದಲ್ಲಿ ಗೆದ್ದವರಿಗೆ ಚಪ್ಪಾಳೆ, ಬಾಲ್ದಿ ನೀರಿಗೆ ಕಾಯುವವರಿಗೆ "ಸ್ವಲ್ಪ ಸರಿದು ಕೂಡ್ರಿ" ಎಂಬ ಮಾತು!

ನಮಗೆ ಗೊತ್ತಿರುವ ಒಂದು ಚಾಳಿನಲ್ಲಿ ಇಂಡಿ ತಾಲೂಕಿನಿಂದ ಬಂದ ನಮ್ಮ ವಯಸ್ಸಿನ ತಾಯಿಯೊಬ್ಬರಿದ್ದಾರೆ. ಎಳೆತನದಲ್ಲಿ ಪೋಲಿಯೋ ಆಗಿ ಒಂದು ಕಾಲಿಗೆ ಕಬ್ಬಿಣದ ಕ್ಯಾಲಿಪರ್. ಮನೆಯಲ್ಲಿ ಹೊಲಿಗೆ ಮಾಡಿ ನಾಲ್ಕು ಕಾಸು ಗಳಿಸುತ್ತಾರೆ, ಯಾರ ಹಂಗೂ ಬೇಡದ ಸ್ವಭಾವ. ಆದರೆ ನೀರಿಗೆ ಮಾತ್ರ ಮಗಳ ಹಂಗು. ಒಂಬತ್ತನೆಯ ಇಯತ್ತೆಯ ಆ ಹುಡುಗಿ ನೀರು ತಡವಾಗಿ ಬಂದ ದಿನ ಶಾಲೆಗೆ ತಡವಾಗಿ ಹೋಗುತ್ತಾಳೆ, ಇಲ್ಲವೆ ಹೋಗುವುದೇ ಇಲ್ಲ. ಅದೇ ಚಾಳಿನ ಇನ್ನೊಂದು ತುದಿಗೆ ಸಕ್ಕರೆ ಕಾಯಿಲೆಯಿಂದ ಪಾದ ತೆಗೆಸಿಕೊಂಡ ನಿವೃತ್ತ ಫಿಟರ್ ಒಬ್ಬರು. ಜೀವಮಾನವೆಲ್ಲ ಸ್ಪ್ಯಾನರ್ ಹಿಡಿದ ಕೈ. ನಳವನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲರು, ಅದರಿಂದ ಒಂದು ತಂಬಿಗೆ ನೀರು ಹಿಡಿದುಕೊಳ್ಳಲಾರರು.

ಈ ಸಂಗತಿಯನ್ನು ಆ ಚಾಳಿನ ಹಿರಿಯರ ಮುಂದಿಟ್ಟಾಗ ನಮಗೆ ಸಿಕ್ಕ ಉತ್ತರವನ್ನು ಇದ್ದಕ್ಕಿದ್ದಂತೆ ಬರೆಯುತ್ತೇವೆ. "ಸಾಹೇಬ್ರ, ಇಬ್ಬರ ಸಲುವಾಗಿ ಇಡೀ ಚಾಳಿನ ನಳಾ ಬದ್ಲಿ ಮಾಡೂದೇನ್ರಿ? ಮನ್ಯಾಗ ಮಕ್ಕಳು ಇಲ್ಲೇನು ಅವರಿಗೆ?"

ಈ ಎರಡು ವಾಕ್ಯದಲ್ಲಿ ನಮ್ಮ ಸಮಾಜದ ಇಡೀ ತತ್ತ್ವಶಾಸ್ತ್ರವೇ ಇದೆ. ಬಿಡಿಸಿ ನೋಡೋಣ.

ಮೊದಲು, ಇಬ್ಬರ ಸಲುವಾಗಿ ಎಂಬುದು. 2011ರ ಜನಗಣತಿ ಅಂಗವಿಕಲರೆಂದು ಎಣಿಸಿದ್ದು 2 ಕೋಟಿ 68 ಲಕ್ಷ ಜನರನ್ನು, ಅಂದರೆ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಅರವತ್ತು ಎಪ್ಪತ್ತು ಜನರ ಚಾಳಿಗೆ ಒಬ್ಬರೋ ಇಬ್ಬರೋ. ಸರಿ, ಲೆಕ್ಕ ಕೂಡಿತು. ಆದರೆ ಆ ಗಣತಿಯಲ್ಲಿ ಮಂಡಿ ನೋವಿನ ಅಜ್ಜಿ ಬರುವುದಿಲ್ಲ, ತುಂಬು ಬಸುರಿ ಬರುವುದಿಲ್ಲ, ಸಿಸೇರಿಯನ್ ಆಗಿ ಹದಿನೈದು ದಿನವಾದ ಬಾಣಂತಿ ಬರುವುದಿಲ್ಲ, ಸ್ಕೂಟರಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ ಬರುವುದಿಲ್ಲ. ಇವರನ್ನೆಲ್ಲ ಕೂಡಿಸಿ ಎಣಿಸಿದರೆ, ಗುಂಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೊಡ ಎತ್ತಬಲ್ಲವರೇ ಚಾಳಿನಲ್ಲಿ ಎಷ್ಟು ಮಂದಿ ಎಂಬ ಸಂಶಯ ಬರುತ್ತದೆ. ಇನ್ನು "ಪೋಲಿಯೋ ಹೋಯಿತಲ್ಲ" ಎನ್ನುವವರಿಗೆ ಒಂದು ಮಾತು. ಭಾರತ ಪೋಲಿಯೋ ಮುಕ್ತವಾಯಿತೆಂದು ಘೋಷಣೆಯಾದದ್ದು 2014ರ ಮಾರ್ಚಿನಲ್ಲಿ. ರೋಗ ಹೋಯಿತು, ರೋಗ ಮುಟ್ಟಿ ಹೋದವರು ಎಲ್ಲಿಗೂ ಹೋಗಿಲ್ಲ. ಅವರು ಈಗ ನಲವತ್ತು ಐವತ್ತರವರು, ನಮ್ಮ ಜೊತೆಗೆ ಶಾಲೆ ಕಲಿತವರು.

ಎರಡನೆಯದು, ಮಕ್ಕಳು ಇಲ್ಲೇನು ಎಂಬುದು. ಇದ್ದಾರೆ. ಹಾಗಾದರೆ ಆ ಹುಡುಗಿಯ ಶಾಲೆಯ ಗಂಟೆಗಳನ್ನು ನಾವು ನೀರಿನ ಬೆಲೆಯಾಗಿ ವಸೂಲು ಮಾಡುತ್ತಿದ್ದೇವೆ ಎಂದಾಯಿತು. ಮನೆಯವರು ತಂದುಕೊಡುವ ನೀರಿಗೆ ಇನ್ನೊಂದು ದೋಷವೂ ಇದೆ, ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ. ತರಿಸಿಕೊಳ್ಳುವವರು ಸಂಕೋಚದಿಂದ ಕಡಿಮೆ ಬಳಸುತ್ತಾರೆ. ಸ್ನಾನ ಎರಡು ದಿನಕ್ಕೊಮ್ಮೆ. ಕುಡಿಯುವುದೂ ಕಡಿಮೆ, ಏಕೆಂದರೆ ಕುಡಿದರೆ ಶೌಚಕ್ಕೆ ಹೋಗಬೇಕು, ಸಾಮಾಯಿಕ ಶೌಚಾಲಯದ ಮೆಟ್ಟಿಲು ನಳದ ಕಟ್ಟೆಗಿಂತ ಎತ್ತರ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರಕೋಶದ ಸೋಂಕು, ಕಲ್ಲು, ಕಡೆಗೆ ಮೂತ್ರಪಿಂಡದ ತೊಂದರೆ, ಇವೇ ದೊಡ್ಡ ಶತ್ರುಗಳು. ಧಾರಾಳವಾಗಿ ನೀರು ಕುಡಿಯಿರಿ, ಶುಚಿಯಾಗಿರಿ ಎಂಬುದೇ ವೈದ್ಯರು ಹೇಳುವ ಮೊದಲ ಮಾತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಚಾಳಿಗೆ ಮರಳಿದವರು ಆ ಮಾತನ್ನು ಪಾಲಿಸುವುದು ಹೇಗೆ? ಔಷಧದ ಚೀಟಿಯ ಹಿಂದೆ ನಳದ ನಕಾಶೆಯನ್ನೂ ಬರೆದುಕೊಡಬೇಕು.

ಖರ್ಚಿನ ಮಾತಿಗೆ ಬರೋಣ. ನಾವು ಬಿ.ಎಸ್‌ಸಿ. ಓದಿದ್ದು ಗುಮಾಸ್ತಗಿರಿಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ, ಇಲ್ಲಿ ಬರುತ್ತದೆ. ತಿರುಗುವ ವಸ್ತುವಿಗೆ ಬೇಕಾದದ್ದು ಬಲ ಮತ್ತು ಹಿಡಿಯ ಉದ್ದದ ಗುಣಲಬ್ಧ. ಎರಡು ಸೆಂಟಿಮೀಟರ್ ತ್ರಿಜ್ಯದ ಗುಂಡು ಹಿಡಿಯ ಬದಲು ಹತ್ತು ಸೆಂಟಿಮೀಟರಿನ ಉದ್ದ ಹಿಡಿ ಹಾಕಿದರೆ ಬೇಕಾಗುವ ಬಲ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಅದನ್ನು ಬೆರಳಿನಿಂದ ಹಿಡಿಯುವ ಅಗತ್ಯವೇ ಇಲ್ಲ. ಮುಷ್ಟಿಯಿಂದ, ಮೊಣಕೈಯಿಂದ ತಳ್ಳಿದರೂ ಸಾಕು. ಕುಷ್ಠದಿಂದ ಗುಣವಾಗಿದ್ದರೂ ಬೆರಳುಗಳಲ್ಲಿ ಸ್ಪರ್ಶ ಇಲ್ಲದವರಿಗೆ, ಸಂಧಿವಾತದವರಿಗೆ ಇದು ಎಂಥ ವರವೆಂದು ಅವರನ್ನೇ ಕೇಳಬೇಕು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆಯ ಕೆಳಗೆ ಮಾಡಿದ ಮಾನದಂಡಗಳು ನಳ ಒಂದೇ ಕೈಯಿಂದ, ಬಿಗಿಯಾಗಿ ಹಿಡಿಯದೆ, ಮಣಿಕಟ್ಟು ತಿರುವದೆ ತೆರೆಯುವಂತಿರಬೇಕು, 22 ನ್ಯೂಟನ್‌ಗಿಂತ ಹೆಚ್ಚು ಬಲ ಬೇಡಬಾರದು ಎನ್ನುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡೂಕಾಲು ಕಿಲೋ ತೂಕದ ಒತ್ತಡ. ಅಂಥ ಉದ್ದ ಹಿಡಿಯ, ಕಾಲು ಸುತ್ತಿಗೆ ತೆರೆಯುವ ನಳ ಇಲ್ಲಿಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಹಿತ್ತಾಳೆಯದು ಕಳವಾಗುತ್ತದೆ ಎಂಬ ಹೆದರಿಕೆಯಿದ್ದರೆ ಪ್ಲಾಸ್ಟಿಕ್ಕಿನದೂ ಉಂಟು.

ಎತ್ತರದ ಪ್ರಶ್ನೆಗೂ ಹೀಗೆಯೇ ಸರಳ ಉತ್ತರವಿದೆ. ಹಳೆಯ ನಳವನ್ನು ಕೀಳಬೇಕಾಗಿಲ್ಲ. ಅದೇ ಪೈಪಿಗೆ ಒಂದು ಟೀ, ಎರಡಡಿ ಪೈಪು, ಮೇಲೆ ಇನ್ನೊಂದು ನಳ. ಅದರ ಕೆಳಗೆ ಕುರ್ಚಿಯ ಮಟ್ಟಕ್ಕೆ ಒಂದು ಕಲ್ಲಿನ ಹಲಗೆ. ಕೊಡವನ್ನು ಎತ್ತುವುದಲ್ಲ, ಹಲಗೆಯಿಂದ ತಳ್ಳುಗಾಡಿಗೋ ತೊಡೆಗೋ ಸರಿಸಿಕೊಳ್ಳುವುದು. ಮೇಲಿನ ನಳಕ್ಕೆ ಒತ್ತಡ ಸಾಲದು ಎನ್ನುವರು. ಎರಡಡಿ ಏರಿದರೆ ಕಡಿಮೆಯಾಗುವ ಒತ್ತಡ ಎರಡಡಿ ನೀರಿನದಷ್ಟೇ. ಅಷ್ಟೂ ತಡೆಯದ ಕಡೆ, ಒಂದು ಡ್ರಮ್ಮು ಕಟ್ಟೆಯ ಮೇಲಿಟ್ಟು, ತಗ್ಗಿನ ನಳದಿಂದ ತುಂಬಿಸುವ ಕೆಲಸವನ್ನು ಪಾಳಿಯಲ್ಲಿ ಮೊದಲು ನಿಂತವರು ಮಾಡಲಿ, ಡ್ರಮ್ಮಿಗೆ ಉದ್ದ ಹಿಡಿಯ ನಳ ಇರಲಿ. ಮೋರಿಯ ಕಟ್ಟೆಯನ್ನು ಒಂದು ಕಡೆ ಒಡೆದು ಇಳಿಜಾರು ಮಾಡಬೇಕು, ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಎಂಬ ಪ್ರಮಾಣದಲ್ಲಿ. ಗೇಣು ಕಟ್ಟೆಗೆ ಒಂಬತ್ತು ಅಡಿ. ಜಾಗವಿಲ್ಲದಿದ್ದರೆ ಕಟ್ಟೆಯನ್ನೇ ತಗ್ಗಿಸಿ ಜಾಲರಿ ಹಾಕಿ ನೀರು ಇಳಿಸಬಹುದು. ಗಾಲಿಕುರ್ಚಿ ತಿರುಗಲು ಐದು ಅಡಿ ಬಯಲು ಬೇಕು, ಚಾಳಿನಲ್ಲಿ ಅದು ಕಷ್ಟವೇ. ಆದರೆ ಹಳೆಯ ಮಂಚ, ಒಡೆದ ಕೂಲರು ತೆಗೆದರೆ ಎಷ್ಟೋ ಕಡೆ ಸಿಕ್ಕೀತು. ಗೋಡೆಗೊಂದು ಹಿಡಿಕೆ. ನೀರು ಬಂದಾಗ ಕೂಗಿನ ಜೊತೆಗೆ ಒಂದು ಕೆಂಪು ಬಲ್ಬು. ಈ ಎಲ್ಲದರ ಮೊತ್ತ ನಮ್ಮ ಗಲ್ಲಿಯ ಗಣಪತಿಯ ಒಂದು ಸಂಜೆಯ ದೀಪಾಲಂಕಾರಕ್ಕೆ ಸಮನಾಗದು. ಗಣಪತಿಗೆ ನಾವೂ ವರ್ಗಣಿ ಕೊಡುತ್ತೇವೆ, ಮುನಿಯಬೇಡಿ.

ಒಂದು ಎಚ್ಚರಿಕೆ. ನೀರು ಪೋಲಾಗಬಾರದೆಂದು ಕೆಲವು ಕಡೆ ಒತ್ತಿದರೆ ಬರುವ, ಕೈ ಬಿಟ್ಟರೆ ನಿಲ್ಲುವ ನಳ ಹಾಕಿದ್ದಾರೆ. ಒಂದೇ ಕೈ ಇದ್ದವರು ಒತ್ತಬೇಕೋ, ತಂಬಿಗೆ ಹಿಡಿಯಬೇಕೋ? ಸದುದ್ದೇಶವೂ ಹೀಗೆ ಬಾಗಿಲು ಮುಚ್ಚುತ್ತದೆ. ನಳ ಕೊಳ್ಳುವ ಮುಂಚೆ ಅದನ್ನು ಬಳಸುವವರ ಕೈಗೆ ಕೊಟ್ಟು ನೋಡಿರಿ.

"ಮಾಲೀಕ ಒಪ್ಪುವುದಿಲ್ಲ" ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. ಬಾಡಿಗೆ ತೀರ ಕಡಿಮೆ, ಕಟ್ಟಡ ಹಳೆಯದು, ಎಂದಾದರೂ ಕೆಡವಿ ಹೊಸದು ಕಟ್ಟುವ ಆಸೆ. ಅಂಥಲ್ಲಿ ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಬಾಡಿಗೆದಾರರೂ ರೀಡೆವಲಪ್‌ಮೆಂಟ್ ಆದಾಗ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತಾರೆ. ಹತ್ತು ವರ್ಷ ಕಾದವರನ್ನು ನಾವು ಬಲ್ಲೆವು. ಮನುಷ್ಯನಿಗೆ ನೀರು ದಿನಾಲೂ ಬೇಕು. ತೆಗೆದುಹಾಕಲು ಬರುವ ಒಂದು ಟೀ ಮತ್ತು ಒಂದು ಹಲಗೆಯಿಂದ ಯಾವ ಮಾಲೀಕರ ಹಕ್ಕೂ ಕರಗಿ ಹೋಗದು ಎಂಬುದನ್ನು ನಾಲ್ಕು ಜನ ಕೂಡಿ ಹೋಗಿ ಅವರಿಗೆ ತಿಳಿಸಬೇಕು. ಒಬ್ಬೊಬ್ಬರೇ ಹೋದರೆ ನಡೆಯದು.

ಕಾಯಿದೆ ಇಲ್ಲವೇ ಎಂದರೆ, ಇದೆ. 1995ರ ಕಾಯಿದೆಯ ಜಾಗಕ್ಕೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸುತ್ತದೆ. ಅದರ 24ನೆಯ ಕಲಮಿನಲ್ಲಿ ಶುದ್ಧ ಕುಡಿಯುವ ನೀರು, ಬಳಸಲು ಬರುವಂಥ ಶೌಚ ವ್ಯವಸ್ಥೆ, ವಿಶೇಷವಾಗಿ ನಗರದ ಕೊಳಚೆ ಪ್ರದೇಶಗಳಲ್ಲಿ ಮತ್ತು ಹಳ್ಳಿಗಳಲ್ಲಿ, ಎಂದು ಸ್ಪಷ್ಟವಾಗಿ ಬರೆದಿದೆ. ಭಾರತ 2007ರಲ್ಲಿ ಒಪ್ಪಿ ಸಹಿ ಮಾಡಿದ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲೂ ಶುದ್ಧ ನೀರಿನ ಸಮಾನ ಹಕ್ಕಿನ ಮಾತಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ ರತೂರಿ ಪ್ರಕರಣದಲ್ಲಿ, ಸುಗಮತೆಯ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಆದರೆ ಇವೆಲ್ಲದರ ಭಾರ ಬಿದ್ದಿರುವುದು ಕಚೇರಿ, ನಿಲ್ದಾಣ, ಆಸ್ಪತ್ರೆಗಳ ಮೇಲೆ. ಸಾರ್ವಜನಿಕ ಕಟ್ಟಡವೆಂದರೆ ಸಾರ್ವಜನಿಕರು ಬಳಸುವ ಕಟ್ಟಡ. ಹದಿನೈದು ಮನೆಯ ಚಾಳು ಖಾಸಗಿ! 2015ರ ಡಿಸೆಂಬರಿನಲ್ಲಿ ಸುಗಮ್ಯ ಭಾರತ ಅಭಿಯಾನ ಆರಂಭವಾದ ಮೇಲೆ ನಮ್ಮಂಥ ಕೇಂದ್ರ ಸರಕಾರದ ಕಚೇರಿಗಳಿಗೆ ರ‍್ಯಾಂಪು ಬಂತು, ಅದು ಒಳ್ಳೆಯದೇ. ನೂರಕ್ಕೆ ನಾಲ್ಕು ಹುದ್ದೆ ಮೀಸಲೂ ಇದೆ. ರ‍್ಯಾಂಪಿನ ಮೇಲೆ ಬಂದು ಹಾಜರಿ ಹಾಕುವ ನೌಕರ ಬೆಳಗ್ಗೆ ಮುಖ ತೊಳೆದದ್ದು ಯಾರ ಕೈಯ ನೀರಿನಿಂದ ಎಂದು ಯಾವ ಫಾರಮ್ಮೂ ಕೇಳುವುದಿಲ್ಲ.

ಖಡಕಿಯವರಿಗೆ ಇನ್ನೊಂದು ತೊಡಕು. ನಗರಪಾಲಿಕೆಯ ಮೇರೆ ಎಲ್ಲಿ ಮುಗಿಯಿತು, ಕಂಟೋನ್ಮೆಂಟ್ ಎಲ್ಲಿ ಶುರುವಾಯಿತು ಎಂಬುದು ನಳಕ್ಕೆ ಗೊತ್ತಿಲ್ಲ, ಅರ್ಜಿ ತೆಗೆದುಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ರಾಜ್ಯದ ದಿವ್ಯಾಂಗ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ; ಕಂಟೋನ್ಮೆಂಟ್ ರಕ್ಷಣಾ ಖಾತೆಯ ಕೆಳಗೆ ಬರುವುದರಿಂದ ಕೇಂದ್ರದ ಮುಖ್ಯ ಆಯುಕ್ತರತ್ತ ದಿಲ್ಲಿಗೆ ನೋಡಬೇಕು. 2006ರ ಕಂಟೋನ್ಮೆಂಟ್ ಕಾಯಿದೆ ಸಾಕಷ್ಟು ಶುದ್ಧ ನೀರು ಒದಗಿಸುವುದನ್ನು ಬೋರ್ಡಿನ ಕರ್ತವ್ಯಗಳಲ್ಲಿ ಎಣಿಸಿದೆ. ಕೊಳವೆ ತಂದು ಬೀದಿಗೆ ಮುಟ್ಟಿಸಿದರೆ ಕರ್ತವ್ಯ ಮುಗಿಯಿತೆ, ಆ ಕೊಳವೆಯ ತುದಿ ಮನುಷ್ಯನ ಕೈಗೆ ಮುಟ್ಟಬೇಕೆ ಎಂದು ಲಿಖಿತವಾಗಿ ಕೇಳುವುದು ನಮ್ಮ ಕೆಲಸ. ಕಡತದ ನಡುವೆಯೇ ಬಾಳುವ ನಮಗೆ ಒಂದು ಮಾತು ಗೊತ್ತು: ಬಾಯಿಮಾತಿನ ತಕರಾರಿಗೆ ನಂಬರು ಬೀಳುವುದಿಲ್ಲ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ತಾರೀಖಿನ ಶಿಕ್ಕಾ ಬೀಳಲಿ.

ಈ ಪುಣೆಯಲ್ಲಿ ನೀರಿನ ಪ್ರಶ್ನೆ ಹಿಂದೆಯೂ ಎದ್ದಿತ್ತು. ಪೇಶವೆಗಳ ಕಾಲದಲ್ಲಿ ಕಾತ್ರಜದಿಂದ ಕಾಲುವೆಯಲ್ಲಿ ನೀರು ತಂದು ಪೇಟೆಗಳಲ್ಲಿ ಹೌದ ಕಟ್ಟಿದರು. ಕಾಳಾ ಹೌದ, ಫಡಕೆ ಹೌದ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ನೀರು ಊರಿಗೆ ಬಂತು, ಆದರೆ ಎಲ್ಲರ ಕೈಗೆ ಬರಲಿಲ್ಲ. 1868ರಲ್ಲಿ ಮಹಾತ್ಮಾ ಫುಲೆಯವರು ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದರು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಆ ಅನ್ಯಾಯಕ್ಕೂ ಇದಕ್ಕೂ ತುಲನೆ ಸಲ್ಲದು ಎನ್ನುವವರು ಎನ್ನಲಿ. ಅಲ್ಲಿ ದ್ವೇಷವಿತ್ತು, ಇಲ್ಲಿ ಇರುವುದು ಉದಾಸೀನ. ಆದರೂ ದಡದಲ್ಲಿ ನಿಂತು, ಇನ್ನೊಬ್ಬರು ಮೊಗೆದು ಹಾಕುವವರೆಗೆ ಕಾಯುವವರ ಬಾಯಾರಿಕೆ ಎರಡೂ ಕಡೆ ಒಂದೇ ಬಗೆಯದು.

ಕನ್ನಡಿಗರಿಗೆ ಈ ವಿಷಯ ಹೊಸದಾಗಬಾರದು. ತಾವೇ ಪೋಲಿಯೋಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲೇ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಅದು ಇಂದಿಗೂ ನಡೆದಿದೆ. ಹೊರನಾಡಿಗೆ ಬಂದ ನಾವು ನಾಡಿನಿಂದ ಹಾಡು, ನಾಟಕ, ಹೋಳಿಗೆ ಎಲ್ಲ ತಂದೆವು. ರಾಜ್ಯೋತ್ಸವದ ದಿನ ಗಾಲಿಕುರ್ಚಿಯ ಮೇಲಿನ ಕಲಾವಿದರೊಬ್ಬರನ್ನು ವೇದಿಕೆಗೆ ಎತ್ತಿಕೊಂಡು ಹೋಗಿ ಶಾಲು ಹೊದಿಸುತ್ತೇವೆ. ಊಟದ ಹೊತ್ತಿಗೆ ಅವರು ಕೈ ತೊಳೆಯುವುದು ಎಲ್ಲಿ ಎಂದು ಯಾರೂ ವಿಚಾರಿಸುವುದಿಲ್ಲ. ಬಾಡಿಗೆಗೆ ಹಿಡಿದ ಸಭಾಗೃಹಗಳಲ್ಲಿ ಕೈ ತೊಳೆಯುವ ತೊಟ್ಟಿ ಮೂರು ಮೆಟ್ಟಿಲ ಮೇಲೆ ಇರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದುದರಿಂದ ಸಂಘದ ಮುಂದಿನ ಸರ್ವಸಾಧಾರಣ ಸಭೆಗೆ ನಾವು ಒಂದು ಠರಾವು ಕಳಿಸಿದ್ದೇವೆ. ಅದರ ಒಕ್ಕಣೆ ಹೀಗಿದೆ: ಸಂಘವು ತನ್ನ ಯಾವ ಸಮಾರಂಭಕ್ಕೂ ಗಾಲಿಕುರ್ಚಿಯಿಂದ ನೀರು ಮುಟ್ಟಲಾಗದ ಸಭಾಗೃಹವನ್ನು ಹಿಡಿಯತಕ್ಕದ್ದಲ್ಲ, ಸದಸ್ಯರು ವಾಸಿಸುವ ಚಾಳುಗಳಲ್ಲಿ ಎತ್ತರದ ನಳ ಮತ್ತು ಉದ್ದ ಹಿಡಿ ಹಾಕಿಸಲು ಈ ವರ್ಷದ ಜಮಾಖರ್ಚಿನಲ್ಲಿ ಒಂದು ಬಾಬು ತೆರೆಯತಕ್ಕದ್ದು, ಮಾಲೀಕರನ್ನೂ ಬೋರ್ಡನ್ನೂ ಕಾಣಲು ಐದು ಜನರ ಉಪಸಮಿತಿ, ಅದರಲ್ಲಿ ಕನಿಷ್ಠ ಇಬ್ಬರು ಸ್ವತಃ ಅಂಗವಿಕಲರಾದ ಸದಸ್ಯರು ಇರತಕ್ಕದ್ದು. ಮೇಲೆ ಹೇಳಿದ ನಿವೃತ್ತ ಫಿಟರ್ ಕೂಲಿಯಿಲ್ಲದೆ ಟೀ ಜೋಡಿಸಿಕೊಡಲು ಒಪ್ಪಿದ್ದಾರೆ; ಪೈಪು ಕೊಯ್ಯಲು ಜೊತೆಗೊಬ್ಬ ಹುಡುಗ ಬೇಕಂತೆ. ಠರಾವಿಗೆ ಸೂಚಕರಾಗಿ ನಮ್ಮ ಸಹಿ ಇದೆ. ಅನುಮೋದಕರ ಜಾಗ ಖಾಲಿಯಿದೆ.